ನಕಲಿ ರಾಜಕುಮಾರ, ಅಸಲಿ ಕಂದಾಯ

ಕೈತಪ್ಪಿದ ರಾಜ್ಯವನ್ನು ಮರಳಿ ಗೆಲ್ಲುವ ಕಾದಂಬರಿ ಕೈಗೆ ಬಂದರೆ ಯುದ್ಧದ ಅಧ್ಯಾಯಕ್ಕೆ ನನಗೆ ಅವಸರವಿಲ್ಲ. ಕಾಡಿನಿಂದ ಹೊರಬಂದ ಹುಡುಗ ‘ನಾನೇ ನಿಮ್ಮ ಅರಸು’ ಎಂದಾಗ ಊರವರು ಹೇಗೆ ನಂಬಿದರು ಎಂಬುದನ್ನು ಮೊದಲು ನೋಡುತ್ತೇನೆ. ಅಲ್ಲಿ ಲೇಖಕ ಜಾರಿದರೆ ಮುಂದಿನ ಪುಟಗಳೆಲ್ಲ ದಂಡ. ಹದಿಹರೆಯದವರಿಗೆಂದು ಬರುವ ಇಂಗ್ಲಿಷ್ ಫ್ಯಾಂಟಸಿಗಳು ಹೆಚ್ಚಾಗಿ ಜಾರುವುದೂ ಅಲ್ಲಿಯೇ. ತೋಳಿನ ಮೇಲೊಂದು ಮಚ್ಚೆ, ಹೊಳೆಯುವ ಕತ್ತಿ, ಯಾವುದೋ ಅಜ್ಜಿಯ ಭವಿಷ್ಯವಾಣಿ ಇದ್ದರೆ ಮುಗಿಯಿತು, ಇಡೀ ಸೀಮೆ ಅಡ್ಡಬೀಳುತ್ತದೆ.

ಸಿ.ಎಸ್. ಲೂಯಿಸ್ ಹಾಗೆ ಜಾರಲಿಲ್ಲ. 1951ರ ‘ಪ್ರಿನ್ಸ್ ಕ್ಯಾಸ್ಪಿಯನ್’ನಲ್ಲಿ ಹುಡುಗ ಹುಟ್ಟಿದ್ದೇ ನಾರ್ನಿಯಾವನ್ನು ಗೆದ್ದುಕೊಂಡವರ ಕುಲದಲ್ಲಿ. ಚಿಕ್ಕಪ್ಪನಿಗೆ ಹೆದರಿ ಓಡಿ ಸೋತವರ ನಡುವೆ ಬಂದು ಬಿದ್ದಾಗ, ನಿಕಾಬ್ರಿಕ್ ಎಂಬ ಕುಳ್ಳ ಇವನನ್ನು ಕೊಂದೇಬಿಡೋಣ ಎನ್ನುತ್ತಾನೆ. ಆ ಅಪನಂಬಿಕೆ ಪುಸ್ತಕವನ್ನು ಎತ್ತಿ ನಿಲ್ಲಿಸುತ್ತದೆ.

ನಮ್ಮಲ್ಲಿ ಇದನ್ನು ‘ಜೈಮಿನಿ ಭಾರತ’ದ ಲಕ್ಷ್ಮೀಶ ಎಂದೋ ಸಾಧಿಸಿದ್ದ. ಚಂದ್ರಹಾಸನನ್ನು ಗುರುತಿಸಲು ಇದ್ದದ್ದು ಎಡಗಾಲಿನ ಆರನೆಯ ಬೆರಳೊಂದೇ. ಮಂತ್ರಿ ದುಷ್ಟಬುದ್ಧಿ ಕಳಿಸಿದ ಕಟುಕರು ಮಗುವಿನ ಮುಖ ನೋಡಿ ಕರಗಿ, ಆ ಬೆರಳನ್ನಷ್ಟೇ ಕೊಯ್ದು ಸಾಕ್ಷಿಯಾಗಿ ಒಯ್ಯುತ್ತಾರೆ. ರಾಜಪುತ್ರನೆಂಬ ಕುರುಹು ಕತೆಯ ಆರಂಭದಲ್ಲೇ ಹೋಯಿತು! ಇನ್ನು ಅವನು ತನ್ನ ನಡತೆಯಿಂದಲೇ ಗೆಲ್ಲಬೇಕು. ಹಾಗೆ ಗೆದ್ದರೂ ಅವನಿಗೆ ಸಿಗುವ ಪಟ್ಟ ಅಪ್ಪ ಕಳೆದುಕೊಂಡ ಕೇರಳದ್ದಲ್ಲ, ಕುಂತಳದ್ದು. ತೆಂಕುತಿಟ್ಟು ಯಕ್ಷಗಾನದ ಸ್ತ್ರೀವೇಷಕ್ಕೆ ಹೆಸರಾದ ಈಶ್ವರ ಭಟ್ಟರ ಊರು ನಮ್ಮ ಈ ಕೊಕ್ಕಡ. ಚಂದ್ರಹಾಸನ ಆಟ ನೋಡಿ ಬೆಳೆದ ಇಲ್ಲಿಯವರಿಗೆ ದುಷ್ಟಬುದ್ಧಿಯ ಮಗಳು ವಿಷಯೆ ಪತ್ರ ತಿದ್ದಿದ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಾದಂಬರಿಗೆ ಬೇಕಾದ ಮೊದಲ ಪುಟವೂ ಕೊಕ್ಕಡದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅರಸರ ಕಾಳಗದಲ್ಲಿ ಗುಡಿ ಹಾಳಾಗಿ, ದನ ಕಾಯುವ ಹುಡುಗರು ಗಣಪನ ಮೂರ್ತಿಯನ್ನು ತಂದು ಮರದಡಿಯಲ್ಲಿಟ್ಟು ಸೌತೆಕಾಯಿ ನೈವೇದ್ಯ ಮಾಡಿದರೆಂಬುದು ಸೌತಡ್ಕದ ಐತಿಹ್ಯ. ಇಂದಿಗೂ ಅಲ್ಲಿ ಗರ್ಭಗುಡಿಯೂ ಇಲ್ಲ, ಮಾಡೂ ಇಲ್ಲ. ಸೋತ ಅರಸ ಏನಾದನೆಂದು ಐತಿಹ್ಯ ಹೇಳುವುದಿಲ್ಲ. ಹುಡುಗರಿಗೂ ಅದು ಬೇಕಾಗಿರಲಿಕ್ಕಿಲ್ಲ.

ಆದರೆ ನನ್ನ ಮಟ್ಟಿಗೆ ಈ ಬಗೆಯ ಅತ್ಯುತ್ತಮ ಕತೆ ಕಲ್ಪನೆಯದ್ದಲ್ಲ. ನಮ್ಮ ಪಕ್ಕದ ಸುಳ್ಯದಲ್ಲಿ ಅದು ನಡೆದದ್ದು 1837ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತ್ತು. ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ರಾಜರ ಕಾಲದಲ್ಲಿ ಬೆಳೆದ ಭತ್ತವನ್ನೇ ಕಂದಾಯವಾಗಿ ಅಳೆದರೆ ಸಾಕಿತ್ತು; ಕಂಪನಿಗೆ ನಗದೇ ಆಗಬೇಕು. ಮಾರುವುದಕ್ಕೆ ಹತ್ತಿರ ಸಂತೆಯಿಲ್ಲದ ರೈತ ರೊಕ್ಕ ಎಲ್ಲಿಂದ ತರಬೇಕು? ಕೊಡಗಿನ ಅರಸರ ಹಾಲೇರಿ ವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಆಗಲೇ ಸೆರೆಯಲ್ಲಿದ್ದ. ಹೀಗಿರಲು ಕೆದಂಬಾಡಿ ರಾಮಯ್ಯ ಗೌಡರು ಮತ್ತು ಅವರ ಜತೆಗಾರರು ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು ‘ಇವನೇ ಕಲ್ಯಾಣಸ್ವಾಮಿ’ ಎಂದು ಜನರ ಮುಂದೆ ನಿಲ್ಲಿಸಿದರು.

ಜನ ಎದ್ದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಕಂದಾಯ ಮನ್ನಾ, ಉಪ್ಪು–ಹೊಗೆಸೊಪ್ಪಿನ ಸುಂಕವೂ ಮನ್ನಾ ಎಂದು ಸಾರಿದರು. (ಫ್ಯಾಂಟಸಿಯ ಯಾವ ರಾಜಕುಮಾರ ಹೊಗೆಸೊಪ್ಪಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದಾನೆ?) ಪುತ್ತೂರು, ಬಂಟ್ವಾಳ ದಾಟುತ್ತ ದಂಡು ಹಿಗ್ಗಿತು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಸೇರಿಕೊಂಡ. ನಮ್ಮ ಬೆಳ್ತಂಗಡಿ ತಾಲೂಕಿನ ಬಂಗಾಡಿ ಒಂದು ಕಾಲಕ್ಕೆ ಆ ಬಂಗರ ರಾಜಧಾನಿ. ಹೋದ ರಾಜ್ಯದ ನೋವು ಅವನಿಗೂ ಹೊಸದಲ್ಲ. ಏಪ್ರಿಲ್ 5ರಂದು ಮಂಗಳೂರು ಬಿತ್ತು, ಬಾವುಟಗುಡ್ಡೆಯಲ್ಲಿ ಬಾವುಟ ಏರಿತು. ಹದಿಮೂರು ದಿನ ಊರು ಅವರದ್ದಾಗಿತ್ತು. ಆಮೇಲೆ ಕಂಪನಿಯ ಪಡೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು. ಪುಟ್ಟಬಸಪ್ಪ ಗಲ್ಲಿಗೇರಿದ, ಬಂಗರಸನೂ ಏರಿದ.

ರಾಜಕುಮಾರ ವೇಷದವನು, ಸಂಕಟ ಮಾತ್ರ ನಿಜವಾದದ್ದು. ಜನ ನಂಬಿದ್ದು ಅವನ ರಕ್ತವನ್ನೋ ತಮ್ಮ ಹಸಿವನ್ನೋ? ನಾಯಕರಲ್ಲಿ ಎಷ್ಟು ಮಂದಿಗೆ ಗುಟ್ಟು ಗೊತ್ತಿತ್ತು? ರಾತ್ರಿ ಬಿಡಾರದಲ್ಲಿ ಒಬ್ಬನೇ ಇದ್ದಾಗ ಆ ಮನುಷ್ಯ ತನ್ನನ್ನು ಏನೆಂದು ಕರೆದುಕೊಂಡ? ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಕಚ್ಚಾಮಾಲು ನಾನು ಕಂಡಿಲ್ಲ. ಟೋಲ್ಕಿನ್‌ನ ‘ದಿ ಹಾಬಿಟ್’ ಬಂದದ್ದು 1937ರಲ್ಲಿ, ಜನ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದ ಈ ದಂಗೆಗೆ ಸರಿಯಾಗಿ ನೂರು ವರ್ಷಕ್ಕೆ. ಡ್ರ್ಯಾಗನ್ ಪಾಲಾದ ಬೆಟ್ಟವನ್ನು ಮರಳಿ ಪಡೆಯುವ ಆ ಕತೆ ನಮ್ಮ ಹೈಸ್ಕೂಲು ಮಕ್ಕಳಿಗೆ ಗೊತ್ತು. ಬೆಳ್ಳಾರೆಯ ಖಜಾನೆ ಗೊತ್ತಿಲ್ಲ.

ಕುಳಕುಂದದ ನಿರಂಜನರು ‘ಕಲ್ಯಾಣಸ್ವಾಮಿ’ ಬರೆದರು, ಕೊಡಗಿನ ಇನ್ನೊಂದು ಬಂಡಾಯದ ಬಗ್ಗೆ ‘ಸ್ವಾಮಿ ಅಪರಂಪಾರ’ವನ್ನೂ ಬರೆದರು. ಅವು ದೊಡ್ಡವರ ಓದಿಗೆ. ಹದಿನೈದು ವರ್ಷದ ಓದುಗನಿಗೆ ಬೇಕಾದದ್ದು ಆ ದಂಡಿನಲ್ಲಿ ನಡೆದ ಹದಿನೈದು ವರ್ಷದ ಹುಡುಗನೋ ಹುಡುಗಿಯೋ. ಬೇಕಿದ್ದರೆ ಒಂದೆರಡು ಭೂತಗಳೂ ಜತೆಗೆ ಬರಲಿ, ತುಳುನಾಡಿನಲ್ಲಿ ಅವಕ್ಕೇನು ಬರವೇ? ಬರೆಯುವ ಕೈಗಳು ಈ ತಾಲೂಕಿನಲ್ಲೇ ಇವೆ. ಯಾರಾದರೂ ಶುರುಮಾಡಿ, ಅಚ್ಚಿನ ಮೊದಲು ಓದಿ ಅಭಿಪ್ರಾಯ ಹೇಳಲು ನಾನು ಸಿದ್ಧ.