‘ಧೂಮಕೇತು ಪರೀಕ್ಷೆ’: ಒಂದು ಪರಿಭಾಷಾವಿಮರ್ಶೆ

ಡಿ.ಎನ್.ಎ.ಗೆ ಒದಗಿದ ಹಾನಿಯನ್ನು ಒಂದೊಂದು ಜೀವಕೋಶದಲ್ಲಿಯೂ ಬೇರೆಬೇರೆಯಾಗಿ ಅಳೆಯುವ ವಿಧಾನಕ್ಕೆ ಇಂಗ್ಲಿಷಿನಲ್ಲಿ ‘ಕಾಮೆಟ್ ಅಸ್ಸೇ’ ಎಂದು ಹೆಸರು. ಇದನ್ನು ಕನ್ನಡದಲ್ಲಿ ‘ಧೂಮಕೇತು ಪರೀಕ್ಷೆ’ ಎನ್ನುವುದು ಯುಕ್ತವೇ ಎಂಬುದು ಇಲ್ಲಿಯ ವಿಚಾರ.

ಮೊದಲು ಅರ್ಥವನ್ನು ನಿಶ್ಚಯಿಸಬೇಕು. ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಅಗರೋಸ್ ಜೆಲ್ಲಿನ ತೆಳುಪದರದಲ್ಲಿ ಹುದುಗಿಸಿ, ಅವುಗಳ ಪೊರೆಯನ್ನು ಕರಗಿಸಿ, ವಿದ್ಯುತ್ತನ್ನು ಹರಿಸುತ್ತಾರೆ. ಡಿ.ಎನ್.ಎ. ಋಣಾವೇಶವುಳ್ಳದ್ದಾದುದರಿಂದ ಮುರಿದ ಎಳೆಗಳು ಧನಧ್ರುವದ ಕಡೆಗೆ ಸರಿದು ಬಾಲವಾಗುತ್ತವೆ. ಅಖಂಡವಾದುದು ತಲೆಯಾಗಿ ನಿಲ್ಲುತ್ತದೆ. ಬಾಲಕ್ಕೆ ಸರಿದ ಅಂಶವೇ ಹಾನಿಯ ಅಳತೆ. 1984ರಲ್ಲಿ ಆಸ್ಟ್‌ಲಿಂಗ್ ಮತ್ತು ಜೋಹಾನ್ಸನ್ ಎಂಬವರು ಇದನ್ನು ಪ್ರಕಟಿಸಿದರು. 1988ರಲ್ಲಿ ಸಿಂಗ್ ಮೊದಲಾದವರು ಪ್ರಬಲ ಕ್ಷಾರದ್ರಾವಣವನ್ನು ಬಳಸಿ, ಒಂಟಿ ಎಳೆಯ ಮುರಿತವೂ ಕಾಣುವಂತೆ ಮಾಡಿದರು.

ಆಕಾರಸಾದೃಶ್ಯದಿಂದ ಹುಟ್ಟಿದ ಈ ಹೆಸರು ಪ್ರಯೋಗಶಾಲೆಯಲ್ಲಿ ನಿರ್ದುಷ್ಟವೇ. ಆದರೆ ನಮ್ಮಲ್ಲಿ ಧೂಮಕೇತುವೆಂದರೆ ಉತ್ಪಾತ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕೇತುಗಳ ಫಲವನ್ನು ಹೇಳುವುದಕ್ಕೇ ಒಂದು ಅಧ್ಯಾಯವಿದೆ. ‘ಬಾಲಚುಕ್ಕಿ’ ಎಂದರೂ ಭಯವು ತಪ್ಪದು.

ಇದು ಬರಿಯ ಶಬ್ದಕಲಹವಲ್ಲ. ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಇರುವ ಮಂಗಳೂರು ಚಿನ್ನದ ಗಣಿಪ್ರದೇಶವನ್ನು (ಇದು ಕಡಲತೀರದ ಮಂಗಳೂರಲ್ಲ) ಕುರಿತು 2013ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಅದರಂತೆ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್, ಎಂದರೆ ಪಾಷಾಣ, ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು; ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕೂ ಮಿಕ್ಕವರಿಗೆ ಚರ್ಮವಿಕಾರವಿತ್ತು. ಪಾಷಾಣವು ಡಿ.ಎನ್.ಎ.ಯನ್ನು ಕೆಡಿಸತಕ್ಕದ್ದು, ಪಶ್ಚಿಮ ಬಂಗಾಳದಲ್ಲಿ ಅಂಥ ನೀರನ್ನು ಕುಡಿದವರಲ್ಲಿ ಈ ಪರೀಕ್ಷೆಯಿಂದಲೇ ಅದು ಕಂಡುಬಂದಿದೆ. ನಮ್ಮ ತಾಂಡಾಗಳಿಗೂ ಇದನ್ನು ಒಯ್ಯುವವರು ಅಲ್ಲಿಯ ತಾಯಂದಿರಿಗೆ ‘ನಿಮ್ಮ ರಕ್ತದಲ್ಲಿ ಧೂಮಕೇತು ಕಂಡಿತು’ ಎಂದರೆ, ಅಳತೆಯ ಮಾತು ಶಾಪದ ಮಾತಾಗುವುದು. ವಸ್ತುಸ್ಥಿತಿಯಾದರೋ ಬೇರೆ: ಮುರಿದ ಎಳೆಗಳನ್ನು ಜೀವಕೋಶವು ಬಹುಮಟ್ಟಿಗೆ ತಾನೇ ಬೆಸೆದುಕೊಳ್ಳಬಲ್ಲುದು, ಈ ಪರೀಕ್ಷೆಯು ಅರ್ಬುದರೋಗದ ನಿರ್ಣಯವೂ ಅಲ್ಲ.

ಹಾಗಾದರೆ ‘ತಂತುಭಂಗಮಾಪನ’ ಎನ್ನಬಹುದೇ? ಸಮಾಸವು ಸಾಧುವಾದರೂ ಅರ್ಥವು ಅಪಾಯಕರ. ಸಂಸ್ಕೃತದಲ್ಲಿ ‘ತಂತು’ವಿಗೆ ಸಂತಾನವೆಂಬ ಅರ್ಥವೂ ಉಂಟು, ತಂತುಭಂಗವೆಂದರೆ ವಂಶಚ್ಛೇದವೆಂದೇ ಧ್ವನಿಸುವುದು. ಆದಕಾರಣ ‘ಎಳೆಮುರಿತದ ಅಳತೆ’ ಎಂಬ ಅಚ್ಚಗನ್ನಡವೇ ಗ್ರಾಹ್ಯ. ನೂಲು, ಹಗ್ಗಗಳನ್ನು ಬಲ್ಲ ಯಾರಿಗಾದರೂ, ಮನೆಮಾತು ಲಂಬಾಣಿಯಾದವರಿಗೂ, ಅದು ತಿಳಿಯುವುದು. ಮುರಿದ ಎಳೆಯನ್ನು ಹೊಸೆಯಬಹುದೆಂಬ ಭರವಸೆಯೂ, ಒಳ್ಳೆಯ ನೀರು ಬಂದಮೇಲೆ ಮತ್ತೊಮ್ಮೆ ಅಳೆದು ನೋಡಬಹುದೆಂಬ ಸೂಚನೆಯೂ ಆ ಮಾತಿನಲ್ಲೇ ಇದೆ.