ಅಣ್ಣನಿರುವಾಗ ತಮ್ಮನ ಮದುವೆ: ದ್ರೌಪದೀವಿವಾಹ ಪ್ರಸಂಗದ ಮರುಪರಿಶೀಲನೆ

ಮನೆಯಲ್ಲಿ ಒಬ್ಬನ ಮದುವೆ ನಿಶ್ಚಯವಾದ ಗಳಿಗೆಯಿಂದಲೇ ಒಡಹುಟ್ಟಿದವರ ನಡುವಣ ಸಂಬಂಧ ಹೊಸ ತೂಕಕ್ಕೆ ಒಳಗಾಗುತ್ತದೆ. ಯಾರು ಹಿರಿಯರು, ಯಾರ ಸರದಿ ಮೊದಲು, ಹೊಸದಾಗಿ ಬರುವವಳಿಂದ ಇದ್ದ ಸಲುಗೆಗೆ ಏನಾದೀತು ಎಂಬ ಪ್ರಶ್ನೆಗಳು ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿ ಎದ್ದೇ ಏಳುತ್ತವೆ. ಮಹಾಭಾರತದ ದ್ರೌಪದೀವಿವಾಹ ಇಂಥ ಗಳಿಗೆಯ ಕಥೆ. ನಮ್ಮ ವಿಮರ್ಶೆ ಈ ಪ್ರಸಂಗವನ್ನು ಬಹುಮಟ್ಟಿಗೆ ಬಹುಪತಿತ್ವದ ಸಮಸ್ಯೆಯಾಗಿ ಚರ್ಚಿಸಿದೆ. ಅದು ಅದಕ್ಕೂ ಮೊದಲು ಸೋದರರ ಸಮಸ್ಯೆ ಎಂಬುದು ನಮ್ಮ ಅಭಿಪ್ರಾಯ. ಈ ದೃಷ್ಟಿಯಿಂದ ವ್ಯಾಸ, ಪಂಪ, ಕುಮಾರವ್ಯಾಸ ಈ ಮೂವರ ನಿರ್ವಹಣೆಯನ್ನು ಪರಿಶೀಲಿಸಿ, ಪಂಪನ ಪ್ರಸಿದ್ಧ ಮಾರ್ಪಾಟಿನಿಂದ ಅವನ ಕಾವ್ಯಕ್ಕೆ ಆದ ಲಾಭನಷ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ವ್ಯಾಸಭಾರತದ ಆದಿಪರ್ವದಲ್ಲಿ ಘಟನೆಗಳ ಅನುಕ್ರಮವನ್ನು ಎಚ್ಚರದಿಂದ ಗಮನಿಸಬೇಕು. ಬಿಲ್ಲನ್ನು ಏರಿಸಿ ದ್ರೌಪದಿಯನ್ನು ಗೆದ್ದವನು ಅರ್ಜುನ. ತಂದ ಭಿಕ್ಷೆಯನ್ನು ಕೂಡಿ ಉಣ್ಣಿರೆಂದು ಒಳಗಿನಿಂದಲೇ ಕುಂತಿ ನುಡಿದ ಮಾತು ಎಲ್ಲರಿಗೂ ಪರಿಚಿತ. ಜನಪ್ರಿಯ ಕಥನದಲ್ಲಿ ಆ ಮಾತೇ ಐವರ ಮದುವೆಗೆ ಕಾರಣವಾಗಿಬಿಡುತ್ತದೆ. ಮೂಲದಲ್ಲಿ ಹಾಗಿಲ್ಲ. ತಾಯಿಯ ಮಾತಿನ ಇಕ್ಕಟ್ಟು ಮುಂದೆ ಬಂದ ಮೇಲೆಯೂ ಯುಧಿಷ್ಠಿರನು ಅರ್ಜುನನಿಗೆ ಹೇಳುವುದು, ಗೆದ್ದವನು ನೀನು, ಅಗ್ನಿಸಾಕ್ಷಿಯಾಗಿ ನೀನೇ ಇವಳ ಕೈ ಹಿಡಿ ಎಂದು. ಅರ್ಜುನ ಒಪ್ಪುವುದಿಲ್ಲ. ತನ್ನನ್ನು ಅಧರ್ಮಕ್ಕೆ ಗುರಿಮಾಡಬಾರದು, ಮೊದಲು ಅಣ್ಣನ ಮದುವೆ, ಅನಂತರ ಭೀಮನದು, ಆಮೇಲೆ ತನ್ನದು ಎಂಬುದು ಅವನ ಉತ್ತರ.

ಈ ಉತ್ತರದ ಹಿಂದೆ ಒಂದು ಧರ್ಮಶಾಸ್ತ್ರನಿಯಮವಿದೆ. ಅಣ್ಣನು ಅವಿವಾಹಿತನಾಗಿರುವಾಗ ಮದುವೆಯಾಗುವ ತಮ್ಮನನ್ನು ಪರಿವೇತ್ತೃ ಎಂದೂ, ಹಾಗೆ ಹಿಂದೆ ಉಳಿದ ಅಣ್ಣನನ್ನು ಪರಿವಿತ್ತಿ ಎಂದೂ ಶಾಸ್ತ್ರಕಾರರು ಕರೆದಿದ್ದಾರೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಈ ಇಬ್ಬರ ಜೊತೆಗೆ ಕನ್ಯೆ, ಕನ್ಯಾದಾನ ಮಾಡಿದವನು, ಮದುವೆ ಮಾಡಿಸಿದ ಪುರೋಹಿತ ಹೀಗೆ ಒಟ್ಟು ಐವರಿಗೂ ನರಕವನ್ನು ವಿಧಿಸುತ್ತದೆ. ಹಿಂದೆ ಉಳಿದ ಅಣ್ಣನೂ ದೋಷಿ ಎಂಬುದು ಗಮನಾರ್ಹ. ಅವನೇನೂ ಮಾಡಿಲ್ಲ, ತಮ್ಮನು ಮುಂದೆ ಹೋದದ್ದೇ ಅವನ ದೋಷ. ಸರದಿ ತಪ್ಪಿದಾಗ ಹುಟ್ಟುವ ಅವಮಾನವನ್ನೇ ಶಾಸ್ತ್ರವು ಪಾಪವೆಂಬ ಪರಿಭಾಷೆಯಲ್ಲಿ ದಾಖಲಿಸಿದೆ ಎನ್ನಬಹುದು. ಇಂದಿಗೂ ನಮ್ಮ ಮನೆಗಳಲ್ಲಿ ತಮ್ಮನ ಲಗ್ನಪತ್ರಿಕೆ ಅಚ್ಚಾಗುವಾಗ ಮದುವೆಯಾಗದ ಅಣ್ಣನ ಮುಖವನ್ನು ಬಲ್ಲವರಿಗೆ ಈ ನಿಯಮದ ಒಳಮನಸ್ಸನ್ನು ವಿವರಿಸಬೇಕಾಗಿಲ್ಲ.

ಆದರೆ ಅರ್ಜುನನ ವಾದ ನಿಷ್ಕೃಷ್ಟ ಶಾಸ್ತ್ರವಾದವೇ? ಇದಕ್ಕೆ ಮುಂಚೆಯೇ ಭೀಮನು ಹಿಡಿಂಬೆಯನ್ನು ಕೂಡಿ ಘಟೋತ್ಕಚನನ್ನು ಪಡೆದಿದ್ದ. ಅದಕ್ಕೆ ಯುಧಿಷ್ಠಿರನ ಅನುಮತಿಯೂ ಇತ್ತು. ಅಲ್ಲಿ ಸರದಿಯ ಮಾತು ಅಡ್ಡ ಬರಲಿಲ್ಲ. ಹಿಡಿಂಬೆ ಮನೆಗೆ ಬಂದು ನೆಲಸಿದವಳಲ್ಲ, ಅವಳಿಗಾಗಿ ಉಳಿದ ನಾಲ್ವರು ಸ್ಪರ್ಧಿಸುವಂತೆಯೂ ಇರಲಿಲ್ಲ. ದ್ರೌಪದಿಯ ವಿಷಯ ಬೇರೆ. ಅರ್ಜುನನ ಉತ್ತರ ಮುಗಿದ ಕೂಡಲೇ ವ್ಯಾಸರು ಹೇಳುವುದು, ಸೋದರರೆಲ್ಲರ ದೃಷ್ಟಿ ಅವಳ ಮೇಲೆ ಬಿದ್ದಿತೆಂದು, ಎಲ್ಲರ ಮನಸ್ಸೂ ಅವಳಲ್ಲಿ ನಟ್ಟಿತೆಂದು. ಯುಧಿಷ್ಠಿರನು ಆ ಮುಖಗಳನ್ನು ಓದುತ್ತಾನೆ. ವ್ಯಾಸರು ಹಿಂದೆ ಆಡಿದ್ದ ಮಾತನ್ನು ನೆನೆದು, ಸೋದರರಲ್ಲಿ ಪರಸ್ಪರ ಒಡಕು ಬಂದೀತೆಂಬ ಭಯದಿಂದ, ಇವಳು ನಮ್ಮೆಲ್ಲರ ಪತ್ನಿಯಾಗುವಳು ಎನ್ನುತ್ತಾನೆ. ತಾಯಿಯ ಮಾತು, ಪೂರ್ವಜನ್ಮದ ಕಥೆ, ಜಟಿಲೆಯ ನಿದರ್ಶನ ಇವೆಲ್ಲ ದ್ರುಪದನ ಮನೆಯಲ್ಲಿ ಈ ನಿರ್ಧಾರದ ಸಮರ್ಥನೆಗೆಂದು ಬರುತ್ತವೆ. ನಿರ್ಧಾರದ ಬೇರು ಮಾತ್ರ ಭೇದಭಯ.

ಧೃಷ್ಟದ್ಯುಮ್ನನು ಎತ್ತುವ ಆಕ್ಷೇಪವೂ ಇದನ್ನೇ ಸೂಚಿಸುತ್ತದೆ: ಸದಾಚಾರಿಯಾದ ಅಣ್ಣನು ತಮ್ಮನ ಹೆಂಡತಿಯನ್ನು ಹೇಗೆ ಕೂಡಿಯಾನು? ಅವನ ಕಣ್ಣಿಗೆ ದ್ರೌಪದಿ ಆಗಲೇ ಅರ್ಜುನನ ಹೆಂಡತಿ. ಮದುವೆಯಾದ ಮೇಲೂ ಭಯ ತೀರುವುದಿಲ್ಲ. ನಾರದನು ಬಂದು, ಒಂದೇ ಜೀವದಂತಿದ್ದ ಸುಂದೋಪಸುಂದರು ತಿಲೋತ್ತಮೆಗಾಗಿ ಪರಸ್ಪರ ಕೊಂದುಕೊಂಡ ಕಥೆಯನ್ನು ಹೇಳಿ ಎಚ್ಚರಿಸುತ್ತಾನೆ. ಏಕಾಂತದ ಕಟ್ಟಳೆ, ಅದನ್ನು ಮೀರಿದವನಿಗೆ ವನವಾಸ ಎಂಬ ಒಪ್ಪಂದ ಆಗ ಆಗುತ್ತದೆ. ಆ ಕಟ್ಟಳೆಗೆ ಮೊದಲು ಗುರಿಯಾಗುವವನು, ದ್ರೌಪದಿಯನ್ನು ಗೆದ್ದ ಅರ್ಜುನನೇ. ವ್ಯಾಸರು ಸೋದರಸ್ಪರ್ಧೆಯನ್ನು ಅಳಿಸಿಲ್ಲ. ಅದಕ್ಕೆ ಕಟ್ಟೆ ಕಟ್ಟಿದ್ದಾರೆ. ನೀರು ಕಟ್ಟೆಯ ಹಿಂದೆ ನಿಂತಿದೆ ಎಂಬ ಅರಿವು ಓದುಗನನ್ನು ಬಿಡುವುದಿಲ್ಲ.

2

ಪಂಪನು ಈ ಕಟ್ಟೆಯನ್ನು ಕಟ್ಟಲೇ ಇಲ್ಲ. 'ವಿಕ್ರಮಾರ್ಜುನವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ವೇಮುಲವಾಡದ ಚಾಲುಕ್ಯ ಅರಸು ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದ ಮೇಲೆ ಆಶ್ರಯದಾತನ ಪತ್ನಿಯನ್ನು ಐವರಿಗೆ ಹಂಚಲಾಗದೆಂಬುದು. ಕಾರಣ ಸರಿ, ಪೂರ್ಣವಲ್ಲ. ಕ್ರಿ.ಶ. 783ರಲ್ಲಿ ಪೂರ್ಣಗೊಂಡ ಪುನ್ನಾಟಸಂಘದ ಜಿನಸೇನನ ಸಂಸ್ಕೃತ 'ಹರಿವಂಶಪುರಾಣ'ದಲ್ಲಿಯೇ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಅವಳು ಹಾಕಿದ ಮಾಲೆ ಗಾಳಿಗೆ ಚೆದುರಿ ಒತ್ತಿಗೆ ನಿಂತಿದ್ದ ಐವರ ಮೇಲೂ ಬಿತ್ತು, ಅದರಿಂದ ಐವರನ್ನು ವರಿಸಿದಳೆಂಬ ಅಪವಾದ ಹುಟ್ಟಿತು ಎಂಬುದು ಅಲ್ಲಿಯ ಸಮಾಧಾನ. ದಿಗಂಬರ ಜೈನ ಪರಂಪರೆಯ ಈ ಕಥಾಮಾರ್ಗ ಪಂಪನ ಕಾಲಕ್ಕೆ ಒಂದೂವರೆ ಶತಮಾನದಷ್ಟು ಹಳೆಯದು. ಅರಮನೆಯ ಅಗತ್ಯಕ್ಕೆ ಬಸದಿಯ ಪರಂಪರೆ ಒದಗಿ ಬಂದಿತೆನ್ನುವುದು ಹೆಚ್ಚು ಸಮಂಜಸ.

ಮಾರ್ಪಾಟಿನ ಮೂಲಕ್ಕಿಂತ ಅದರ ಪರಿಣಾಮ ಮುಖ್ಯ. ದ್ರೌಪದಿ ಒಬ್ಬನ ಪತ್ನಿಯಾದೊಡನೆ ಸರದಿಯ ಪ್ರಶ್ನೆ ತೀಕ್ಷ್ಣವಾಗಬೇಕಿತ್ತು. ಅವಿವಾಹಿತನಾದ ಅಣ್ಣನ ಮುಂದೆ ಮೂರನೆಯ ತಮ್ಮನ ಮದುವೆ ನಡೆಯುತ್ತಿದೆ. ಪಂಪನು ಇದನ್ನು ಕಾವ್ಯದ ಸಮಸ್ಯೆಯಾಗಿ ಬೆಳೆಸುವುದಿಲ್ಲ. ಸೋದರರ ದೃಷ್ಟಿ ಅವಳ ಮೇಲೆ ಬೀಳುವ ಕ್ಷಣವಿಲ್ಲ, ಅಣ್ಣನ ಭೇದಭಯವಿಲ್ಲ. ಏಕಾಂತದ ಕಟ್ಟಳೆಗೆ ಎಡೆಯಿಲ್ಲದ್ದರಿಂದ, ಅರ್ಜುನನ ದೇಶಸಂಚಾರಕ್ಕೆ ನಿಯಮಭಂಗವೆಂಬ ಕಾರಣವೂ ಉಳಿಯುವುದಿಲ್ಲ. ಹೀಗೆ ಐವರ ಒಗ್ಗಟ್ಟು ವ್ಯಾಸರಲ್ಲಿ ಬೆಲೆ ತೆತ್ತು ಪಡೆದದ್ದಾಗಿದ್ದರೆ ಪಂಪನಲ್ಲಿ ಮೊದಲೇ ಇದ್ದದ್ದಾಗುತ್ತದೆ. ಕಥೆ ಸರಳವಾಯಿತು, ಅಣ್ಣತಮ್ಮಂದಿರ ಮನಸ್ಸಿನ ಒಂದು ಕೋಣೆ ಮುಚ್ಚಿಹೋಯಿತು.

ಮುಚ್ಚಿದ ಕೋಣೆಯ ಸದ್ದು ಮುಂದೆ ಎರಡು ಎಡೆಗಳಲ್ಲಿ ಕೇಳಿಸುತ್ತದೆ. ಮೊದಲನೆಯದು ದ್ರೌಪದಿಯ ಮುಡಿಯ ಪ್ರಸಂಗ. ತುಂಬಿದ ಸಭೆಯಲ್ಲಿ ಮುಡಿ ಹಿಡಿದೆಳೆಯಲ್ಪಟ್ಟವಳು ಅರ್ಜುನನ ಪತ್ನಿ; ಪ್ರತಿಜ್ಞೆ ಮಾಡಿ, ದುಶ್ಶಾಸನನನ್ನು ಕೊಂದು, ಆ ಮುಡಿಯನ್ನು ಕಟ್ಟುವವನು ಭೀಮ. ಐವರೂ ಪತಿಗಳಾಗಿರುವ ಕಥೆಯಲ್ಲಿ ಇದು ಪತಿಯೊಬ್ಬನ ಕೆಲಸ. ಪಂಪನ ಕಥೆಯಲ್ಲಿ ಇದು ತಮ್ಮನ ಹೆಂಡತಿಗಾಗಿ ಅಣ್ಣನು ಮಾಡುವ ಕೆಲಸ. ಸನ್ನಿವೇಶದ ರೌದ್ರ ಸಹೃದಯನನ್ನು ಸೆಳೆದುಕೊಂಡು ಹೋಗುವುದರಿಂದ ಅಸಂಗತಿ ಓದುವಾಗ ತೋರದು. ಕಾವ್ಯವನ್ನು ಮುಚ್ಚಿಟ್ಟ ಮೇಲೆ ತೋರುತ್ತದೆ. ಎರಡನೆಯದು ಪಟ್ಟಾಭಿಷೇಕ. ಕಾವ್ಯದ ಕೊನೆಯಲ್ಲಿ ಅರ್ಜುನನೊಡನೆ ಪಟ್ಟಕ್ಕೇರುವವಳು ಸುಭದ್ರೆ. ಅಭಿಮನ್ಯು, ಪರೀಕ್ಷಿತರ ಮೂಲಕ ವಂಶ ಮುಂದುವರಿದದ್ದು ಅವಳಿಂದ ಎಂಬ ಸಮರ್ಥನೆಗೆ ಬಲವಿದೆ. ಆದರೂ ದ್ರೌಪದಿಯನ್ನು ಅರ್ಜುನನಿಗೇ ಮೀಸಲಾಗಿಸಲು ಅಷ್ಟು ಶ್ರಮಪಟ್ಟ ಕವಿ ಕೊನೆಗೆ ಅವಳನ್ನು ಪಕ್ಕಕ್ಕೆ ಸರಿಸಿದ್ದು ಏಕೆ? ಓದುಗರ ನೆನಪಿನಲ್ಲಿ ದ್ರೌಪದಿ ಐವರ ಪತ್ನಿಯಾಗಿಯೇ ಉಳಿದಿದ್ದಳು, ಉಳಿದ ಸೋದರರ ನೆರಳು ಬೀಳದ ರಾಣಿ ಕವಿಗೆ ಬೇಕಾಗಿದ್ದಳು ಎಂಬುದು ನಮ್ಮ ಊಹೆ. ರನ್ನನ 'ಸಾಹಸಭೀಮವಿಜಯ' ಇದಕ್ಕೆ ಹೋಲಿಕೆಯಾಗಿ ನಿಲ್ಲುತ್ತದೆ. ಅಲ್ಲಿ ನಾಯಕನಾದ ಭೀಮನೊಡನೆ ಪಟ್ಟದಲ್ಲಿ ಕೂಡುವವಳು ದ್ರೌಪದಿಯೇ. ಮುಡಿ ಕಟ್ಟಿದವನಿಗೂ ಪಟ್ಟದ ರಾಣಿಗೂ ಅಲ್ಲಿ ನೇರವಾದ ನಂಟಿದೆ.

3

ಹಾಗಾದರೆ ಪಂಪನ ಕಾವ್ಯದಲ್ಲಿ ಸೋದರಸ್ಪರ್ಧೆಯೇ ಇಲ್ಲವೆ? ಇದೆ, ಅದು ಐವರನ್ನು ಬಿಟ್ಟು ಆರನೆಯವನ ಬಳಿಗೆ ಹೋಗಿದೆ. ಹುಟ್ಟಿನ ಲೆಕ್ಕದಲ್ಲಿ ಕುಂತಿಯ ಹಿರಿಯ ಮಗ ಕರ್ಣ. ಸ್ವಯಂವರಮಂಟಪದಲ್ಲಿ ಅವನೂ ಇದ್ದ. ಕನ್ಯೆಯನ್ನು ಗೆದ್ದ ಅರ್ಜುನನ ಮೇಲೆ ರಾಜರು ಎರಗಿದಾಗ ಅವನೊಡನೆ ಸೆಣಸಿದವನು ಕರ್ಣನೆಂಬುದು ವ್ಯಾಸಭಾರತದಲ್ಲಿಯೇ ಇದೆ. ತಮ್ಮನ ಮದುವೆಯ ಚಪ್ಪರದ ಕೆಳಗೆ ಅಣ್ಣನು ಅಣ್ಣನೆಂದು ತಿಳಿಯದೆ ಬಿಲ್ಲೆತ್ತಿ ನಿಂತಿದ್ದಾನೆ. ಇದಕ್ಕಿಂತ ಕ್ರೂರವಾದ ಸರದಿಭಂಗ ಇನ್ನೊಂದಿಲ್ಲ.

ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ, ಹಿರಿಯನಾದ ಅವನಿಗೆ ರಾಜ್ಯ ಸಲ್ಲುವುದೆಂದೂ, ಆರನೆಯ ಸರದಿಯಲ್ಲಿ ದ್ರೌಪದಿಯೂ ಅವನಲ್ಲಿಗೆ ಬರುವಳೆಂದೂ ಹೇಳುತ್ತಾನೆ. ಐವರ ನಡುವಿನ ಕಟ್ಟಳೆಯನ್ನು ಕೃಷ್ಣ ಇಲ್ಲಿ ಆರನೆಯವನಿಗೂ ವಿಸ್ತರಿಸುತ್ತಿದ್ದಾನೆ. ಪಂಪನ ಕಥೆಯಲ್ಲಿ ಈ ಆಮಿಷಕ್ಕೆ ಎಡೆಯೇ ಇಲ್ಲ, ಏಕೆಂದರೆ ದ್ರೌಪದಿ ಅರ್ಜುನನಿಗೆ ಮೀಸಲು. ಇದರಿಂದ ಪಂಪನ ಕರ್ಣನಿಗೆ ಒಂದು ದೊಡ್ಡ ಲಾಭವಾಗಿದೆ. ಅವನು ತಿರಸ್ಕರಿಸುವುದು ರಾಜ್ಯವನ್ನು ಮತ್ತು ಸೋದರತ್ವವನ್ನು ಮಾತ್ರ. ಹೆಣ್ಣಿನ ಹೆಸರು ಆ ಮಾತುಕತೆಯನ್ನು ಕಲುಷಿತಗೊಳಿಸುವುದಿಲ್ಲ. ಅನ್ನದ ಋಣವೋ ರಕ್ತದ ನಂಟೋ ಎಂಬ ಪ್ರಶ್ನೆ ಬತ್ತಲೆಯಾಗಿ ನಿಲ್ಲುತ್ತದೆ. ಕರ್ಣನ ಬಗೆಗೆ ಪಂಪನ ಪಕ್ಷಪಾತವನ್ನು ನಮ್ಮ ವಿಮರ್ಶಕರು ಬಗೆಬಗೆಯಾಗಿ ಕೊಂಡಾಡಿದ್ದಾರೆ. ಆ ಪಾತ್ರದ ಶುಭ್ರತೆಗೆ ದ್ರೌಪದೀವಿವಾಹದ ಮಾರ್ಪಾಟೂ ಒಂದು ಕಾರಣವೆಂಬುದನ್ನು ಸೇರಿಸಬೇಕು. ಪಂಪನು ಐವರ ಮನಸ್ಸಿನಿಂದ ತೆಗೆದ ಬಿಕ್ಕಟ್ಟು ಕರ್ಣನಲ್ಲಿ ಇನ್ನಷ್ಟು ಸಾಂದ್ರವಾಗಿ ಮರಳಿ ಬಂದಿದೆ.

ಅಣ್ಣತಮ್ಮಂದಿರ ವೈರ ಪಂಪನಿಗೆ ದಕ್ಕದ ವಸ್ತುವೇನೂ ಅಲ್ಲ. 941ರಲ್ಲಿ ಪೂರ್ಣಗೊಂಡ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರ ಕಾಳಗವಿದೆ. ಅಲ್ಲಿ ಕವಿ ಸೋದರರನ್ನು ಎದುರುಬದುರಾಗಿ ನಿಲ್ಲಿಸಿ, ಗೆದ್ದವನೇ ತೊರೆದು ಹೋಗುವ ತನಕ ಆ ಸ್ಪರ್ಧೆಯನ್ನು ಕೊಂಡೊಯ್ಯುತ್ತಾನೆ. ಲೌಕಿಕ ಕಾವ್ಯದ ಮದುವೆಯ ಮನೆಯಲ್ಲಿ ಅದೇ ಕವಿ ಮೌನವಾಗಿದ್ದಾನೆ. ಅಶಕ್ತಿಯಲ್ಲದ ಈ ಮೌನವನ್ನು ಆಯ್ಕೆಯೆಂದೇ ತಿಳಿಯಬೇಕು.

4

ಗದುಗಿನ ನಾರಣಪ್ಪನು ವ್ಯಾಸರ ಮಾರ್ಗಕ್ಕೆ ಮರಳಿದನು. 'ಕರ್ಣಾಟ ಭಾರತ ಕಥಾಮಂಜರಿ'ಯಲ್ಲಿ ದ್ರೌಪದಿ ಮತ್ತೆ ಐವರ ಪತ್ನಿ. ಇದನ್ನು ಮೂಲನಿಷ್ಠೆ ಎಂದಷ್ಟೇ ಹೇಳಿ ಮುಗಿಸುವುದು ಉಚಿತವಲ್ಲ. ಈ ಮರಳುವಿಕೆಯ ಫಲ ವಿರಾಟಪರ್ವದಲ್ಲಿದೆ. ಕೀಚಕನಿಂದ ನೊಂದ ದ್ರೌಪದಿಯ ಮುಂದೆ, ಐವರಲ್ಲಿ ಯಾರ ಬಳಿಗೆ ಹೋಗಬೇಕೆಂಬ ಪ್ರಶ್ನೆ ಇರುಳಿನಲ್ಲಿ ನಿಲ್ಲುತ್ತದೆ. ಅವಳು ಹೋಗುವುದು ಅಡುಗೆಮನೆಯ ಭೀಮನಲ್ಲಿಗೆ. ಐವರು ಪತಿಗಳಿದ್ದೂ ಒಬ್ಬಳನ್ನು ಕಾಯಲಾರದವರಾದರೆಂಬ ಅವಳ ದೂರು ಕನ್ನಡ ನಾಡಿನ ಗಮಕಿಗಳ ಬಾಯಲ್ಲಿ ಇಂದಿಗೂ ಜನರನ್ನು ಕಲಕುತ್ತದೆ. ಸೋದರರು ಒಡೆಯದಿರಲೆಂದು ಮಾಡಿದ ಏರ್ಪಾಟಿನ ಬೆಲೆ ತೆತ್ತವಳು ಯಾರೆಂಬುದು ಇಲ್ಲಿ ಬಯಲಾಗುತ್ತದೆ. ವ್ಯಾಸರ ಯುಧಿಷ್ಠಿರನಿಗೆ ತಮ್ಮಂದಿರ ಮುಖಗಳು ಕಂಡಿದ್ದವು. ಕುಮಾರವ್ಯಾಸನು ನಮಗೆ ದ್ರೌಪದಿಯ ಮುಖವನ್ನು ಕಾಣಿಸಿದನು. ಪಂಪನ ಮಾರ್ಗದಲ್ಲಿ ಈ ದೂರು ಇದೇ ರೂಪದಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಈ ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದಕ್ಕಿಂತ, ಒಂದೇ ಗಂಟನ್ನು ಬಿಚ್ಚುವಾಗ ಯಾವ ಎಳೆ ಯಾರ ಕೈಗೆ ಬಂದಿತೆಂದು ನೋಡುವುದು ಫಲಕಾರಿ. ಪಂಪನಿಗೆ ಕರ್ಣ ದಕ್ಕಿದನು, ದ್ರೌಪದಿ ಪೂರ್ಣವಾಗಿ ದಕ್ಕಲಿಲ್ಲ. ಕುಮಾರವ್ಯಾಸನಿಗೆ ದ್ರೌಪದಿ ದಕ್ಕಿದಳು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಕೈಗೆಟುಕುವ ಕೆಲಸವಿದೆ. ಪುಣೆಯ ಭಾಂಡಾರಕರ ಸಂಸ್ಥೆಯಿಂದ ಸುಕ್ಥಣಕರರು ಸಂಪಾದಿಸಿದ ಆದಿಪರ್ವದ ಪರಿಷ್ಕೃತ ಪಾಠ 1933ರಲ್ಲಿ ಪೂರ್ಣಗೊಂಡಿತು. ದಾಕ್ಷಿಣಾತ್ಯ ಪ್ರತಿಗಳಲ್ಲಿ ಬರುವ ನಾಳಾಯನಿಯ ಕಥೆಯಂಥ ಭಾಗಗಳು ಅಲ್ಲಿ ಮೂಲಪಾಠದಿಂದ ಹೊರಗುಳಿದು ಅನುಬಂಧಕ್ಕೆ ಸೇರಿವೆ. ಕನ್ನಡ ಕವಿಗಳ ಮುಂದಿದ್ದ ಪಾಠ ಯಾವುದೆಂಬ ಪ್ರಶ್ನೆಗೆ ಆ ಅನುಬಂಧಗಳನ್ನೇ ಮೊದಲು ನೋಡಬೇಕು. ಹೈದರಾಬಾದಿನಲ್ಲಿರುವವರು ನನ್ನಯನ ಆದಿಪರ್ವವನ್ನೂ, ಚೆನ್ನೈಯಲ್ಲಿರುವವರು ವಿಲ್ಲಿಪುತ್ತೂರಾರರ ಭಾರತವನ್ನೂ ಇದೇ ಪ್ರಸಂಗಕ್ಕೆ ಸೀಮಿತವಾಗಿ ಹೋಲಿಸಬಹುದು. ಅಣ್ಣತಮ್ಮಂದಿರ ಮುಖಗಳ ಮೇಲೆ ಬಂದು ಹೋದ ಆ ಕ್ಷಣವನ್ನು ಯಾರು ಉಳಿಸಿಕೊಂಡರು, ಯಾರು ಬಿಟ್ಟರು ಎಂಬುದಷ್ಟನ್ನೇ ಪರಿಶೀಲಿಸಿದರೂ ದಕ್ಷಿಣದ ಭಾರತಪರಂಪರೆಯ ಬಗ್ಗೆ ಹೊಸ ತಿಳಿವು ದೊರೆಯುವುದು.

ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿರುವ ಅದರಲ್ಲಿ ತಮ್ಮನು ತನ್ನ ಕಾರ್ಯದ ಜೊತೆಗೆ ಅಣ್ಣನ ಕೀರ್ತಿಯನ್ನೂ ಬರೆಸಿದ್ದಾನೆ. ಕವಿಯ ಬಾಳಿನಿಂದ ಕಾವ್ಯವನ್ನು ವಿವರಿಸುವ ಸುಲಭಮಾರ್ಗ ನಮಗೆ ಒಪ್ಪಿಗೆಯಲ್ಲ. ಆದರೂ ಪಾಂಡವರ ಮದುವೆಯ ಮನೆಯಲ್ಲಿ ಪಂಪನು ವಹಿಸಿದ ಮೌನವನ್ನು ಕುರಿತು ಬರೆಯುವವರು ಆ ಬಂಡೆಯ ಬಳಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು.