ಕವಾಸ್‌ಜಿಯ ಮೂಗು ಮತ್ತು ಹೆಸರಿಲ್ಲದ ಕೈ

ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರೆಲ್ಲ ಮುಟ್ಟಿಯೇ ಹೋಗುವ ಒಂದು ಪತ್ರವಿದೆ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಅದನ್ನು ಅಚ್ಚು ಹಾಕಿತು. ಸಹಿ ಬರೀ ‘ಬಿ.ಎಲ್.’. ಕಥೆ ನಮ್ಮ ನೆಲದ್ದು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಡೆಗೆ ಎತ್ತು ಹೊಡೆಯುತ್ತಿದ್ದ ಮರಾಠ ಕವಾಸ್‌ಜಿ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ.

ಬರವಣಿಗೆಯಾಗಿ ಈ ಪತ್ರದ ಮೇಲ್ಮೆ ಅದರ ನಿಖರತೆ. ಮೊಂಡು ಮೂಗಿನ ಮೇಲೆ ತೆಳುವಾದ ಮೇಣದ ಹಾಳೆ ಕೂರಿಸಿ ಆಕಾರ ತೆಗೆಯುವುದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು, ಅಷ್ಟು ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸುವುದು. ಕೂಡಿಸಿದ ಅಂಚಿಗೆ ನೀರಲ್ಲಿ ನೆನೆಸಿದ ಕಾಚಿನ ಪಟ್ಟಿ, ನಾಲ್ಕು ದಿನ ಬಿಟ್ಟು ತುಪ್ಪದಲ್ಲಿ ಅದ್ದಿದ ಬಟ್ಟೆ. ಓದಿದವನು ಮಾಡಿ ನೋಡಬಹುದು ಎನ್ನುವಷ್ಟು ಸ್ಪಷ್ಟ.

ನಾನು ಮತ್ತೆ ಮತ್ತೆ ಮರಳುವುದು ಒಂದೇ ವಾಕ್ಯಕ್ಕೆ. ಕಣ್ಣುಗಳ ನಡುವೆ ಒಂದು ಸಣ್ಣ ಎಳೆಯನ್ನು ಕತ್ತರಿಸದೆ ಬಿಡುತ್ತಾರೆ, ಹೊಸದೂ ಹಳೆಯದೂ ಕೂಡುವ ತನಕ ರಕ್ತಸಂಚಾರ ಕಾಯುವುದು ಅದೇ ಎನ್ನುತ್ತದೆ ಪತ್ರ. ಅದನ್ನು ಕಡಿಯುವುದು ಸುಮಾರು ಇಪ್ಪತ್ತೈದನೇ ದಿನ. ಕಣ್ಣಿನ ಒಳಮೂಲೆಯ ಮೇಲಿಂದ ಹಣೆಗೆ ಏರುವ ಸಣ್ಣ ಅಪಧಮನಿ ಆ ಎಳೆಯೊಳಗಿದೆ. ಇಂದಿನ ಸರ್ಜನ್ನರೂ ಹಣೆಯ ಫ್ಲ್ಯಾಪನ್ನು, ಅಂದರೆ ಬುಡ ಉಳಿಸಿ ಬಿಡಿಸಿದ ಚರ್ಮದ ತುಂಡನ್ನು, ಅದರ ಮೇಲೇ ಎತ್ತಿ, ಹೆಚ್ಚುಕಡಿಮೆ ಮೂರು ವಾರಕ್ಕೆ ಬುಡ ಕತ್ತರಿಸುತ್ತಾರೆ. ಚರ್ಮದ ಅಪಧಮನಿಗಳ ನಕ್ಷೆಯನ್ನು ಕಾರ್ಲ್ ಮಾನ್‌ಶೋ ಪ್ರಕಟಿಸಿದ್ದು 1889ರಲ್ಲಿ, ಮಿಷೆಲ್ ಸಾಲ್ಮೋನ್ ಅದನ್ನು ವಿಸ್ತರಿಸಿದ್ದು 1936ರಲ್ಲಿ. ಫ್ಲ್ಯಾಪ್ ಉಳಿಯುವುದು ಬುಡದ ಅಗಲದಿಂದಲ್ಲ, ಒಳಗಿನ ರಕ್ತನಾಳದಿಂದ ಎಂದು ಸಂಶೋಧಕ ಮಿಲ್ಟನ್ ಹಂದಿಗಳ ಮೇಲೆ ತೋರಿಸಿದ್ದು 1970ರಲ್ಲಿ. ಆ ಕುಶಲಿಗೆ ಅಪಧಮನಿಯ ಹೆಸರು ಗೊತ್ತಿತ್ತೆಂದು ನಾನು ಹೇಳಲಾರೆ. ಎಲ್ಲಿ ಕತ್ತರಿಸಬಾರದು ಎಂಬುದು ಅವನ ಕೈಗೆ ಗೊತ್ತಿತ್ತು.

ಪತ್ರದ ಕೊರತೆಯೂ ದೊಡ್ಡದು. ನೋಡಿದ ವೈದ್ಯರಾದ ಕ್ರೂಸೋ, ಫಿಂಡ್ಲೇ ಇಬ್ಬರಿಗೂ ಹೆಸರಿದೆ, ಎತ್ತು ಹೊಡೆಯುವವನಿಗೂ ಇದೆ. ಮಾಡಿದವನಿಗೆ ಜಾತಿ ಮಾತ್ರ. ಕೊಳೆತುಹೋದ ಮೂಗುಗಳ ಬಗ್ಗೆಯೂ ಮಾತಿಲ್ಲ. ಅಂಗಾಂಶದ ದ್ರವ ಸಾಗಿಸುವ ದುಗ್ಧನಾಳಗಳಂತೂ ಈ ಚಿತ್ರದೊಳಗೆ ಬರುವುದೇ ಇಲ್ಲ. ಪತ್ರಕ್ಕೆ ಏಳೇ ವರ್ಷ ಹಿಂದೆ, 1787ರಲ್ಲಿ, ಇಟಲಿಯ ಮಸ್ಕಾನ್ಯಿ ಪಾದರಸ ತುಂಬಿ ದೇಹದ ದುಗ್ಧನಾಳಗಳನ್ನು ಬೆರಗಾಗುವಂತೆ ಚಿತ್ರಿಸಿದ್ದ. ಚರ್ಮ ಬಿಡಿಸುವಾಗ ಅವೂ ಕಡಿದುಹೋಗುತ್ತವೆ, ದ್ರವ ಹರಿದುಹೋಗಲು ದಾರಿಯಿಲ್ಲದೆ ಹೊಸ ಮೂಗು ವಾರಗಟ್ಟಲೆ ಊದಿಕೊಂಡಿರುತ್ತದೆ. ಜೇಮ್ಸ್ ವೇಲ್ಸ್ ಬರೆದ ಕವಾಸ್‌ಜಿಯ ಚಿತ್ರವೋ ಶಸ್ತ್ರಚಿಕಿತ್ಸೆಯ ಹತ್ತು ತಿಂಗಳ ನಂತರದ್ದು. ಊತ ಇಳಿದ ಮುಖವನ್ನಷ್ಟೇ ಓದುಗ ಕಂಡ.

ಇದನ್ನೆಲ್ಲ ಸುಶ್ರುತನ ಖಾತೆಗೆ ಬರೆದು ಹೆಮ್ಮೆಪಡುವ ನಮ್ಮ ಭಾಷಣಗಳೂ ಮಾಡಿದವನನ್ನು ಮರೆಯುವ ಪತ್ರದ ತಪ್ಪನ್ನೇ ಮುಂದುವರಿಸುತ್ತವೆ. ಸುಶ್ರುತಸಂಹಿತೆಯಲ್ಲಿರುವುದು ಎಲೆಯ ಅಳತೆ, ಕೆನ್ನೆಯ ಚರ್ಮ. ಹಣೆಗೆ ಬಂದ ದಾರಿ ಬರಹಕ್ಕೆ ಸಿಗದ ಕಸುಬುದಾರರದು, ಆ ಶ್ರೇಯಸ್ಸು ಅವರಿಗೇ ಸಲ್ಲಬೇಕು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ವಿಧಾನವನ್ನು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೈನ್ಯಾಧಿಕಾರಿಯ ಮೂಗು ಕಟ್ಟಿದ. 1816ರ ಅವನ ಪುಸ್ತಕದಿಂದ ಯುರೋಪಿನ ಸರ್ಜನ್ನರು ಪಾಠ ಕಲಿತರು.